ಬಿಸಿ ಆದ ಮ್ಯಾಲ ಕೈಕೊಡೂ ಕಾಂಟೆಸ್ಸಾ: ಪೆಟ್ರೋಲ್ ತೊಂದರಿನೋ, ಕರೆಂಟ್ ತೊಂದರಿನೋ?

ತಿಕೋಟಾ ತ್ವಾಟದವ:

ಎಲ್ಲಾರಿಗೂ ನಮಸ್ಕಾರ್ರಿ. ನಂದು ವಿಜಯಪುರ ಹತ್ರ ತಿಕೋಟಾ, ದ್ರಾಕ್ಷಿ ತ್ವಾಟ. ಟ್ರ್ಯಾಕ್ಟರ್, ಸ್ಪ್ರೇ ಮಷಿನ್, ಬೋರಿನ ಮೋಟರ್, ಏನರ ಕೆಟ್ರ ನಾನೇ ಬಿಚ್ಚಿ ಜೋಡಸ್ತೀನಿ. ಆದ್ರ ಅವೆಲ್ಲಾ ಡೀಸೆಲ್, ಇಲ್ಲಾ ತ್ರೀ ಫೇಸ್. ಪ್ಲಗ್ಗು, ಅದಕ್ಕ ಕಿಡಿ ಕೊಡೂ ಕಾಯಿಲು ಅನ್ನೂ ಸಂಸಾರ ನನಗ ಹೊಸಾದು.

ಗಾಡಿ 1994ರ ಕಾಂಟೆಸ್ಸಾ ಕ್ಲಾಸಿಕ್, ಇಸುಝು 1.8 ಪೆಟ್ರೋಲ್ ಇಂಜಿನ್. ನಮ್ಮ ಸೋದರಮಾವಂದು. ಅವರು ತಗೊಂಡಾಗ ನಮ್ಮ ಕಡೆ ಕಾಂಟೆಸ್ಸಾ ಅಂದ್ರ ಎಮ್ಮೆಲ್ಲೆ, ಸಕ್ಕರಿ ಫ್ಯಾಕ್ಟರಿ ಚೇರ್ಮನ್ ಇಂಥವ್ರ ಗಾಡಿ. ಮದುಮಗನ್ನ ಕರಕೊಂಡ ಬರಾಕ ಸುತ್ತ ಮೂರು ಊರಿನವ್ರು ಮಾವನ ಬಾಗಲಿಗೆ ಬರ್ತಿದ್ರು. ಹೋದ ದೀಪಾವಳಿಗೆ "ಮೊಣಕಾಲ ಬ್ಯಾನಿ, ಕ್ಲಚ್ ತುಳಿಯಾಕ ಆಗವಲ್ದು, ನೀನ ಒಯ್ಯಿ" ಅಂತ ಚಾವಿ ಕೈಯಾಗ ಇಟ್ರು.

ಮುಂಜಾನೆ ಒಂದ ಸೆಲ್ಫ್ ಸ್ಟಾರ್ಟಿಗೆ ಚಾಲೂ ಆಗ್ತೈತಿ. ವಿಜಯಪುರದ ತನಾ ಬೆಣ್ಣಿಹಂಗ ಹೋಗ್ತೈತಿ. ಅಲ್ಲಿಂದ ಬಾಗಲಕೋಟಿ ದಾರಿ ಹಿಡದ್ರ ಕೊಲ್ಹಾರ ಹತ್ರ ಬರೂದರಾಗ ಎರಡು ಸಲ ಮಿಸ್ಸಿಂಗ್ ಹೊಡದು ಬಂದ್ ಬೀಳ್ತೈತಿ. ಎಪ್ರಿಲ್‌ದಾಗ ಅಕ್ಕನ ಮಗಳ ನಿಶ್ಚಿತಾರ್ಥಕ್ಕ ಹೊಂಟಾಗ ಕೃಷ್ಣಾ ಸೇತುವಿ ಮ್ಯಾಲೇ ನಿಂತಿತು. ಬಿಸಲು ನಲವತ್ತು ಡಿಗ್ರಿ ದಾಟಿತ್ತು, ಹಿಂದ ಲಾರಿ ಸಾಲು. ದಬ್ಬಿ ಬದಿಗಿ ಹಚ್ಚಿ, ಪೆಟ್ರೋಲ್ ಪಂಪಿನ ಮ್ಯಾಲ ಒದ್ದಿ ಅರಬಿ ಸುತ್ತಿ, ಕೊಲ್ಹಾರದ ಮೊಸರು ತರಿಸಿ ಎಲ್ಲಾರೂ ತಿಂದ್ವಿ. ಇಪ್ಪತ್ತೈದು ನಿಮಿಷಕ್ಕ ಮತ್ತ ಚಾಲೂ!

ಮೂರು ಮಿಸ್ತ್ರಿ ನೋಡ್ಯಾರ. ಒಬ್ಬರು ಏರ್ ಲಾಕ್, ಅಂದ್ರ ಪೆಟ್ರೋಲ್ ದಾರ್ಯಾಗ ಗಾಳಿ ಕಟ್ಟೈತಿ ಅಂದು ಪಂಪಿನ ಕಿಟ್ ಹಾಕಿದ್ರು. ಒಬ್ಬರು ಕಾರ್ಬೋರೇಟರ್ ತೊಳದ್ರು. ಮೂರನೇದವ್ರು ಪ್ಲಗ್, ವೈರ್ ಬದಲಿ ಮಾಡಿ ಟ್ಯಾಂಕಿನಾಗ ಕಸ ಐತಿ ಅಂದ್ರು. ಒಂಬತ್ತು ಸಾವಿರ ಹೋತು, ರೋಗ ಹೋಗಿಲ್ಲ. ಮಾವಗ ಇನ್ನೂ ಹೇಳಿಲ್ಲ. ಎಲ್ಲಿಂದ ಶುರು ಮಾಡ್ಲಿ?

ಸುಮ್ನೆ ಓದಾಂವ:

ಅಣ್ಣಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಡೀಸೆಲ್ ಇಂಜಿನ್ ಕೂಡಸ್ರಿ, ಇಲ್ಲಾಂದ್ರ ಮಾರಿ ಕೈ ತೊಳಕೋರಿ. ನಮ್ಮ ಕಾಕಾ ಹಂಗ ಮಾಡ್ಯಾರ, ಈಗ ಆರಾಮ ಅದಾರ.

ಬೆಳಗಾವಿ ಪಾನಾ:

ಮ್ಯಾಲಿನವ್ರ ಮಾತು ಬಿಡ್ರಿ. ಆ ಇಸುಝು ಇಂಜಿನ್ ತಗದ ಒಗಿಯೂ ಇಂಜಿನ್ ಅಲ್ಲ.

ಸಾವಕಾರ್ರ, ನಾ ಮೂವತ್ತು ವರ್ಷ ಬೆಳಗಾವ್ಯಾಗ ಆಟೋ ಎಲೆಕ್ಟ್ರಿಕ್ ಕೆಲಸ ಮಾಡಿದಾಂವ. ನಿಮ್ಮ ಮೂರೂ ಮಿಸ್ತ್ರಿಗೋಳು ಗಾಡಿ ನೋಡಿದ್ದು ತಣ್ಣಗಾದ ಮ್ಯಾಲ. ಜ್ವರ ಬಿಟ್ಟ ಮ್ಯಾಲ ದವಾಖಾನಿಗಿ ಹೋದಂಗ ಆತು ಅದು. ನೀವು ನೋಡಬೇಕಾದ್ದು ಗಾಡಿ ಸತ್ತ ಮೊದಲಿನ ಐದು ನಿಮಿಷ, ಅಲ್ಲೇ ರಸ್ತಿ ಬದಿಗಿ. ಒದ್ದಿ ಅರಬಿಯಿಂದ ಚಾಲೂ ಆತು ಅಂತೀರಿ, ಆದ್ರ ಆ ಇಪ್ಪತ್ತೈದು ನಿಮಿಷದಾಗ ಪಂಪ್ ಒಂದ ತಣ್ಣಗಾಗಿಲ್ಲ, ಬೋನೆಟ್ ಒಳಗಿಂದೆಲ್ಲಾ ತಣ್ಣಗಾಗೇತಿ.

ಇಂಜಿನ್ ಎಷ್ಟು ಜೋರ ತಿರಗ್ತೈತಿ ಅಂತ ತೋರಸೂ ಆರ್‌ಪಿಎಂ ಮೀಟರ್ ಐತೇನು? ಇದ್ರ ಮಿಸ್ಸಿಂಗ್ ಶುರುವಾದ ಕೂಡ್ಲೆ ಅದರ ಮ್ಯಾಲ ಕಣ್ಣಿಡ್ರಿ. ಹಿಂದ ಮುಂದ ಗಾಡಿ ಇಲ್ಲದಾಗ ಕ್ಲಚ್ ತುಳೀದ ಗೇರಿನಾಗ ಬಿಡ್ರಿ. ಗಾಲಿ ಇಂಜಿನ್ನ ತಿರಗಸ್ತಿರಬೇಕಾದ್ರನ ಮುಳ್ಳು ಧಪ್ಪಂತ ಸೊನ್ನಿಗಿ ಬಿದ್ರ ಕಾಯಿಲಿನ ಕರೆಂಟ್ ಕಡಿದೈತಿ ಅಂತ ತಿಳ್ಕೋರಿ. ಗಾಡಿ ಸ್ಪೀಡ್ ಕಮ್ಮಿ ಆದಂಗ ಮುಳ್ಳೂ ಇಳಿದ್ರ ಪೆಟ್ರೋಲ್ ಕಡೆ ಹೋಗ್ರಿ. ಒಂದ ಮಾತು: ಇಂಜಿನ್ ಬಂದ್ ಆದ್ರ ಬ್ರೇಕಿಗೆ ವ್ಯಾಕ್ಯೂಮ್ ಒಂದೆರಡು ತುಳಿತಕ್ಕ ಅಷ್ಟ ಇರ್ತೈತಿ, ಆಮ್ಯಾಲ ಪೆಡಲ್ ಕಲ್ಲಿನಂಗ ಗಟ್ಟಿ. ಪದೇ ಪದೇ ತುಳೀಬ್ಯಾಡ್ರಿ.

ನಿಂತ ಮ್ಯಾಲ ಏರ್ ಕ್ಲೀನರ್ ಮುಚ್ಚಳ ತಗದು ಕಾರ್ಬೋರೇಟರ್ ಬಾಯಾಗ ಇಣುಕ್ರಿ. ಎಕ್ಸಿಲೇಟರ್ ಲಿಂಕ್ ಕೈಲೆ ಜಗ್ಗಿದ್ರ ಪಿಚಕಾರಿ ಹಂಗ ಪೆಟ್ರೋಲ್ ಚಿಮ್ಮತೈತೇನು? ಚಿಮ್ಮಿದ್ರ ಪಂಪ್, ಟ್ಯಾಂಕ್, ಏರ್ ಲಾಕ್ ಎಲ್ಲಾ ಬಿಟ್ಟಬಿಡ್ರಿ. ಬೀಡಿ ಸೇದಾವ್ರನ್ನ ಮಾತ್ರ ದೂರ ಇಡ್ರಿ.

ಆಮ್ಯಾಲ ಪಾರ್ಕಿಂಗ್ ಲೈಟಿನ ಸಣ್ಣ ಬಲ್ಬಿಗೆ ಎರಡು ವೈರ್ ಕಟ್ಟಿ, ಒಂದು ತುದಿ ಗಾಡಿ ಬಾಡಿಯ ತಗಡಿಗೆ, ಇನ್ನೊಂದು ಕಾಯಿಲಿನ ಪ್ಲಸ್‌ಗೆ. ಚಾವಿ ಹಾಕಿದಾಗ ಹತ್ತಬೇಕು. ಹತ್ತಲಿಲ್ಲ ಅಂದ್ರ ಇಗ್ನಿಷನ್ ಸ್ವಿಚ್, ಇಲ್ಲಾ ಅಲ್ಲಿಂದ ಬರೂ ವೈರ್. ಹತ್ತಿದ್ರ ಕಾಯಿಲಿನ ಮೈನಸ್‌ದಿಂದ ಪ್ಲಗ್ಗುಗಳಿಗೆ ಕಿಡಿ ಹಂಚೂ ಡಿಸ್ಟ್ರಿಬ್ಯೂಟರಿಗೆ ಹೋಗೂ ತೆಳು ವೈರ್ ಬಿಚ್ಚಿ, ಆ ಮೈನಸ್ ಕಡ್ಡಿಗೇ ಬಲ್ಬ್ ಹಚ್ರಿ. ಅಲ್ಲೂ ಹತ್ತಿದ್ರ ಕಾಯಿಲಿನ ಒಳಗ ತಂತಿ ಸರಿ ಐತಿ, ಡಿಸ್ಟ್ರಿಬ್ಯೂಟರಿನಾಗ ಕಾಯಿಲಿನ ಕರೆಂಟ್ ಕೂಡಿಸಿ ಕಡಿಯೂ ಪಾಯಿಂಟ್ ಮತ್ತ ಅದರ ಜೋಡಿ ಇರೂ ಕಂಡೆನ್ಸರ್ ನೋಡ್ರಿ. ಹತ್ತಲಿಲ್ಲಾಂದ್ರ ಕಾಯಿಲಿನ ಹೊಟ್ಟ್ಯಾಗ ತಂತಿ ಬಿಟ್ಟೈತಿ. ಬಿಸಿಗಿ ಹಿಗ್ಗಿ ಬಿಡ್ತೈತಿ, ತಣ್ಣಗಾದ್ರ ಕೂಡ್ತೈತಿ. ಅದಕ್ಕ ಈ ರೋಗ ಗ್ಯಾರೇಜಿನಾಗ ಸಿಗಂಗಿಲ್ಲ.

ನವನಗರ ವಾಸಿ:

ಪಾನಾ ಅವರು ಹೇಳಿದ ಪರೀಕ್ಷೆಗಳನ್ನೇ ಮೊದಲು ಮಾಡಿ. ಜೊತೆಗೆ ಖರ್ಚಿಲ್ಲದ ಒಂದು: ಗಾಡಿ ನಿಂತ ತಕ್ಷಣ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ಸೆಂದು ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಗಾಳಿತೂತು ಕಟ್ಟಿದೆ ಎಂದರ್ಥ. ನನ್ನ ಗಾಡಿಯಲ್ಲಿ ಇದೇ ಆಗಿತ್ತು. ಒಂದು ವರ್ಷ ನಾನೂ ಏರ್ ಲಾಕ್ ಅಂದುಕೊಂಡೇ ಓಡಾಡಿದೆ.

ರಬ್ಬರ್ ಪೈಪುಗಳನ್ನೂ ನೋಡಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಎಥನಾಲ್. ನಮ್ಮ ಹೊಲದ ಕಬ್ಬೇ ತಿರುಗಿ ನಮ್ಮ ಟ್ಯಾಂಕಿಗೆ ಬರುತ್ತಿದೆ, ಸಂತೋಷ. ಆದರೆ 1994ರ ರಬ್ಬರ್ ಅದನ್ನು ತಡೆಯುವುದಿಲ್ಲ, ಒಳಗಿನಿಂದ ಪುಡಿಯಾಗುತ್ತದೆ.

ಬಿಡಿಭಾಗದ ಬಗ್ಗೆ: ಕಾಂಟೆಸ್ಸಾದ ಮೈ ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್‌ನದು, ಹೃದಯ ಜಪಾನಿನದು. ಅಂಗಡಿಯಲ್ಲಿ ಕಾಂಟೆಸ್ಸಾ ಎಂದರೆ 2002ಕ್ಕೇ ನಿಂತುಹೋಯಿತಲ್ಲ ಸರ್ ಎಂದು ಕೈಯಾಡಿಸುತ್ತಾರೆ. ಅಂಬಾಸಿಡರ್ 1800 ಐಎಸ್‌ಝಡ್‌ನದು ಕೊಡಿ ಎಂದು ಕೇಳಿ. ಅದಕ್ಕೂ ಇದೇ ಇಸುಝು ಇಂಜಿನ್.

ತಿಕೋಟಾ ತ್ವಾಟದವ:

ನಿನ್ನಿ ಬೇಕಂತನ ಮಧ್ಯಾಹ್ನ ಎರಡಕ್ಕ ಹೊಂಟೆ. ಬಲ್ಬು, ನೀರಿನ ಕ್ಯಾನ್, ತಂಗಿ ಮಗ ಜೋಡಿ. ಕೊಲ್ಹಾರ ಇನ್ನೂ ನಾಕು ಕಿಲೋಮೀಟರ್ ಇರಬೇಕಾದ್ರ ಬಂದ್ ಬಿತ್ತು. ಹೆಂಡ್ತಿ ಫೋನಿನಾಗ "ಗಾಡಿ ಕೆಟ್ಟೈತಿ ಅಂತ ಇಷ್ಟ್ಯಾಕ ಖುಷಿ ನಿಮಗ" ಅಂದ್ಲು.

ಮಾವ ಹಾಕಿಸಿದ ಆರ್‌ಪಿಎಂ ಮೀಟರ್ ಮುಳ್ಳು ಒಮ್ಮಿಗೇ ಸೊನ್ನಿ. ಟ್ಯಾಂಕಿನ ಮುಚ್ಚಳ ತಗದೆ, ಸಪ್ಪಳಿಲ್ಲ. ಕಾರ್ಬೋರೇಟರಿನಾಗ ಪೆಟ್ರೋಲ್ ಚಲೋ ಚಿಮ್ಮತು. ಪ್ಲಸ್‌ಗೆ ಬಲ್ಬ್ ಹತ್ತಿತು. ತೆಳು ವೈರ್ ಬಿಚ್ಚಿ ಮೈನಸ್‌ಗೆ ಹಚ್ಚಿದ್ರ ಕತ್ತಲಿ. ಕಾಯಿಲಿನ ಮ್ಯಾಲ ಎರಡು ಹನಿ ನೀರು ಬಿಟ್ರ ಒಗ್ಗರಣಿ ಹಂಗ ಚುಂಯ್ ಅಂತು. ಬುಡಕ್ಕ ಕರಿ ಎಣ್ಣಿ ಒಸರೇತಿ. ಈ ಸಲ ಒದ್ದಿ ಅರಬಿ ಪಂಪಿಗಲ್ಲ, ಕಾಯಿಲಿಗೆ ಸುತ್ತಿದೆ. ಹತ್ತು ನಿಮಿಷಕ್ಕ ಚಾಲೂ.

ಇವತ್ತು ತಣ್ಣಗಿದ್ದಾಗ ಪ್ಲಸ್ ಮೈನಸ್ ನಡುವ ಮೀಟರ್ ಇಟ್ಟೆ, 1.4 ಓಮ್ ತೋರಸ್ತು. ಇದು ಸರಿನೇನ್ರಿ? ಹೊಸಾ ಕಾಯಿಲ್ ತಂದು ಹಾಕ್ಲೇನು?

ಬೆಳಗಾವಿ ಪಾನಾ:

ತಡೀರಿ, ಹಾಕಬ್ಯಾಡ್ರಿ! ಆರು ತಿಂಗಳಿಗೆ ಅದೂ ಸುಡ್ತೈತಿ.

1.4 ಓಮ್ ಅಂದ್ರ ಅದು ಬ್ಯಾಲಸ್ಟ್ ಜೋಡಿ ನಡಿಯೂ ಕಾಯಿಲ್. ಪ್ಲಸ್‌ಗೆ ಬರೂ ವೈರಿನ ದಾರ್ಯಾಗ ಬೆರಳುದ್ದದ ಬಿಳಿ ಪಿಂಗಾಣಿ ತುಂಡು ಇರಬೇಕು, ಅದ ಬ್ಯಾಲಸ್ಟ್. ಅದು ಅರ್ಧ ಕರೆಂಟ್ ತಡೀತೈತಿ. ಸೆಲ್ಫ್ ಹೊಡಿವಾಗ ಬ್ಯಾಟರಿ ವೋಲ್ಟ್ ಇಳಿತೈತಲ್ಲ, ಆಗಷ್ಟ ಇನ್ನೊಂದು ವೈರಿನಿಂದ ಕಾಯಿಲಿಗೆ ನೇರ ಕರೆಂಟ್ ಸಿಗ್ತೈತಿ. ಆ ತುಂಡು ಇಲ್ಲಾಂದ್ರ ಲೆಕ್ಕಾ ಹಾಕ್ರಿ: ಇಂಜಿನ್ ಓಡೂ ಮುಂದ 14 ವೋಲ್ಟ್, 1.4 ಓಮ್, ಪಾಯಿಂಟ್ ಕೂಡಿದಾಗ ಹತ್ತು ಆಂಪಿಯರ್. ಐದು ಹೋಗೂ ಕಡೆ ಹತ್ತು. ಮುಂಜಾನೆ ನಡಿತೈತಿ, ವಿಜಯಪುರದ ಬಿಸಲಾಗ ಸಾಯ್ತೈತಿ.

ಪಿಂಗಾಣಿ ತುಂಡು ಹುಡಕ್ರಿ. ಮಾವಗ ಒಮ್ಮಿ ಕೇಳ್ರಿ, ಸೆಲ್ಫಿಗೆ ಚಾಲೂ ಆಗಿ ಚಾವಿ ಬಿಟ್ಟ ಕೂಡ್ಲೆ ಬಂದ್ ಆಗೂ ತೊಂದರಿ ಯಾವಾಗರ ಬಂದಿತ್ತೇನು ಅಂತ. ಅದು ಬ್ಯಾಲಸ್ಟ್ ಕಡಿದಿದ್ದರ ಗುರ್ತು.

ತಿಕೋಟಾ ತ್ವಾಟದವ:

ಪಾನಾ ಅಣ್ಣಾರ, ನೀವು ಬೆಳಗಾವ್ಯಾಗ ಕುಂತು ನಮ್ಮ ಮನಿ ಚರಿತ್ರಾ ಹೆಂಗ ಓದಿದ್ರಿ? ಮಾವಗ ಕೇಳೂದರಾಗ "ಹೂಂ, ಸೋಲಾಪುರಕ್ಕ ಹೊಂಟಾಗ ಆಗಿತ್ತಲ್ಲ, ಚಾವಿ ಬಿಟ್ರ ಬಂದ್, ಚಾವಿ ಬಿಟ್ರ ಬಂದ್. ದಾರ್ಯಾಗಿನ ಮಿಸ್ತ್ರಿ ಒಂದ ವೈರ್ ಕೂಡಿಸಿ ಐವತ್ತು ರೂಪಾಯ್ದಾಗ ರಿಪೇರಿ ಮಾಡಿದ, ಭಾಳ ಶ್ಯಾಣ್ಯಾ" ಅಂದ್ರು. ಬೋನೆಟ್ ಒಳಗ ಹುಡುಕಿದ್ರ ಪಿಂಗಾಣಿ ತುಂಡು ಒಡದು ಜೋತಾಡಾಕತ್ತಿತ್ತು. ಅದನ್ನ ದಾಟಿ ಕೆಂಪು ವೈರ್, ಮ್ಯಾಲ ಕರಿ ಟೇಪು.

ಬೆಳಗಾವಿ ಪಾನಾ:

ಆ ಮಿಸ್ತ್ರಿನ್ನ ಬೈಬ್ಯಾಡ್ರಿ. ನಡುದಾರ್ಯಾಗ ನಾನೂ ಹಂಗ ಮಾಡೇನಿ. ಊರು ಮುಟ್ಟಿದ ಮ್ಯಾಲ ತುಂಡು ಬದಲಿ ಮಾಡಸ್ರಿ ಅಂತ ಹೇಳಬೇಕಿತ್ತು, ಹೇಳಿರಬೇಕು, ನಿಮ್ಮ ಮಾವ ಮರ್ತಿರಬೇಕು.

ಎರಡು ದಾರಿ ಅದಾವ: ಇದ ಜಾತಿ ಕಾಯಿಲ್ ಮತ್ತ ಹೊಸಾ ಬ್ಯಾಲಸ್ಟ್, ಇಲ್ಲಾ 3 ಓಮಿನ ಕಾಯಿಲ್ ಹಾಕಿ ಕೆಂಪು ವೈರ್ ಹಂಗ ಬಿಡೂದು. ನಮ್ಮ ಕಡೆ ಎರಡನೇದ ಬರೋಬ್ಬರಿ, ಕೆಡೂ ಸಾಮಾನು ಒಂದು ಕಮ್ಮಿ. ಅಂಗಡ್ಯಾಗ ಡಬ್ಬಿ ನೋಡಿ ತರಬ್ಯಾಡ್ರಿ, ಮೀಟರ್ ಇಟ್ಟು ನೋಡಿ ತರ್ರಿ. ಇಷ್ಟು ದಿನ ಹತ್ತು ಆಂಪಿಯರ್ ತಿಂದ ಪಾಯಿಂಟ್ ಕುಳಿ ಬಿದ್ದಿರ್ತಾವ, ಕಂಡೆನ್ಸರ್ ಜೋಡಿನ ಬದಲಿ ಮಾಡ್ರಿ. ಮತ್ತ ತಂಗಿ ಮಗಗ ಹೇಳ್ರಿ, ಇಂಜಿನ್ ಬಂದ್ ಮಾಡಿ ಚಾವಿ ಆನ್ ಇಟ್ಟು ಹಾಡಿನ ಟೇಪ್ ಹಚ್ಚಿ ಕುಂದ್ರಬಾರ್ದು. ಪಾಯಿಂಟ್ ಕೂಡಿದ ಜಾಗಾದಾಗ ನಿಂತಿದ್ರ ಕಾಯಿಲ್ ಸುಮ್ನ ಕುದೀತೈತಿ.

ತಿಕೋಟಾ ತ್ವಾಟದವ:

ಟೇಪಿನ ವಿಷಯ ಹೆಂಗ ಗೊತ್ತಾತ್ರಿ ನಿಮಗ! ಅಂವ ಈಗ ಮುಖ ತೋರಸವಲ್ಲ.

ವಿಜಯಪುರದಾಗ ಮೂರು ಅಂಗಡಿ ತಿರುಗಿ, ಐಎಸ್‌ಝಡ್ ಅಂದ ಮ್ಯಾಲ ಪಾಯಿಂಟ್, ಕಂಡೆನ್ಸರ್ ಸಿಕ್ವು. ಕಾಯಿಲ್ 3.1 ಓಮ್, ನಾನ ಮೀಟರ್ ಹಿಡದೆ. ಎಲ್ಲಾ ಸೇರಿ ಎರಡು ಸಾವಿರದೊಳಗ ಮುಗೀತು. ನವನಗರದ ಸರ್ ಹೇಳಿದಂಗ ಟ್ಯಾಂಕಿನ ಕಡಿ ಪೈಪ್ ಕೊಯ್ದ್ರ ಒಳಗ ಕಾಡಿಗಿ ಹಂಗ ಪುಡಿ. ಅದನ್ನೂ ಬದಲಿ ಮಾಡಿದೆ.

ರವಿವಾರ ಮಟಮಟ ಮಧ್ಯಾಹ್ನ ಮಾವನ್ನ ಬಾಜೂಕ ಕುಂದ್ರಿಸ್ಕೊಂಡು ಬಾಗಲಕೋಟಿಗಿ ಹೋಗಿ ಬಂದೆ. ಎಲ್ಲೂ ನಿಂದ್ರಲಿಲ್ಲ. ಒಂಬತ್ತು ಸಾವಿರದ ಸುದ್ದಿ ಗದ್ದನಕೇರಿ ಕ್ರಾಸಿನಾಗ ಹೇಳಿದೆ, ಮಾವ ಕೇಳಸ್ಲಿಲ್ಲ ಅನ್ನೂವ್ರಂಗ ಕಿಟಕಿ ಕಡೆ ನೋಡಿದ್ರು. ಕೊಲ್ಹಾರ ಬಂದ ಕೂಡ್ಲೆ "ಗಾಡಿ ನಿಂದ್ರಸು" ಅಂದ್ರು. ಗಾಬರಿಯಾಗಿ ಮುಳ್ಳು ನೋಡಿದೆ, ಸರಿ ಇತ್ತು. ಅವರಿಗೆ ಮೊಸರು ಬೇಕಾಗಿತ್ತು.

ಎಸಿ ಹಾಕಿದ್ರ ಐಡ್ಲಿಂಗ್ ಇನ್ನೂ ಸ್ವಲ್ಪ ನಡುಗ್ತೈತಿ. ಅದನ್ನ ಮುಂದಿನ ವಾರ ಕೇಳ್ತೀನಿ, ಈಗ ತ್ವಾಟಕ್ಕ ಔಷಧ ಹೊಡಿಯೂದೈತಿ.