ಅಪ್ಪನ ಚೇತಕ್‌ಗೆ ಮನೆಯಲ್ಲೇ ಪೇಂಟ್, ಕೈಯಲ್ಲಿರೋದು 3,000: ಆಗುತ್ತಾ?

ಹಳೇಡಿಕ್ಕಿ, ದಾವಣಗೆರೆ

ನಮಸ್ಕಾರ. ಅಪ್ಪ 1996ರಲ್ಲಿ ತಗೊಂಡ ಬಜಾಜ್ ಚೇತಕ್ ಇದೆ. ಇಂಜಿನ್ ಗಟ್ಟಿ, ಒಂದ್ಸಲ ವಾಲಿಸಿ ಕಿಕ್ ಹೊಡೆದರೆ ಎದ್ದೇಳುತ್ತದೆ. ಆದರೆ ಬಣ್ಣ ನೋಡುವ ಹಾಗಿಲ್ಲ, ಎರಡೂ ಡಿಕ್ಕಿ ಮೇಲೆ ಹೊಪ್ಪಳೆ ಎದ್ದಿದೆ, ಕಾಲಿಡುವ ಜಾಗದಲ್ಲಿ ತುಕ್ಕು ಹಿಡಿದು ಎರಡು ತೂತು ಬಿದ್ದಿವೆ. ಪೇಂಟಿಂಗ್‌ನವರು 9,000 ಕೇಳಿದರು. ನನ್ನ ಹತ್ತಿರ 3,000 ಇದೆ, ಅದೂ ಹೆಂಡತಿಗೆ ಹೇಳದೆ ಎತ್ತಿಟ್ಟಿದ್ದು. ಸ್ಪ್ರೇ ಡಬ್ಬಿ ತಗೊಳ್ಳಲಾ, ಇಲ್ಲ ಬ್ರಷ್‌ನಲ್ಲೇ ಹೊಡೆಯಲಾ? ಮಿಲಿಟರಿ ಹಸಿರು ಮಾಡಿಸುವ ಆಸೆ. ಇನ್ನೊಂದು ತಾಪತ್ರಯ ಅಂದ್ರೆ ಮನೆ ಮಂಡಕ್ಕಿ ಭಟ್ಟಿಗಳ ಹತ್ತಿರ, ಒಣಗೋಕೆ ಹಾಕಿದ ಬಟ್ಟೆ ಮೇಲೇ ಕರಿ ಬೂದಿ ಕೂರುತ್ತದೆ.

ತಗಡುಕೆಲಸ

ಅಣ್ಣ, ಆ 9,000ದಲ್ಲಿ ಬಣ್ಣದ ದುಡ್ಡು ಕಮ್ಮಿ, ಉಜ್ಜುವ ಕೂಲಿನೇ ಜಾಸ್ತಿ. ಆ ಕೂಲಿ ನೀವೇ ಮಾಡಿದರೆ 3,000ದಲ್ಲಿ ಆಗುತ್ತದೆ, ಎರಡು ಮೂರು ಭಾನುವಾರ ಹೋಗುತ್ತದೆ ಅಷ್ಟೇ.

ಮೊದಲು ಸೀಟು, ಹೆಡ್‌ಲೈಟು, ಡಿಕ್ಕಿ ಎಲ್ಲ ಬಿಚ್ಚಿ. ಕಾಲಿಡುವ ಕಡೆ ಅಲ್ಯೂಮಿನಿಯಂ ಪಟ್ಟಿ, ರಬ್ಬರ್ ಬೀಡಿಂಗ್ ಇದೆಯಲ್ಲ, ಅದನ್ನೂ ಬಿಚ್ಚಲೇಬೇಕು, ಚೇತಕ್‌ನಲ್ಲಿ ನೀರು ನಿಂತು ತುಕ್ಕು ಶುರುವಾಗೋದೇ ಅದರ ಕೆಳಗೆ. ಆಮೇಲೆ ಸೀಮೆಎಣ್ಣೆ, ಅದಾದಮೇಲೆ ಸೋಪಿನ ನೀರು. ಎರಡು ಸ್ಟ್ರೋಕ್ ಗಾಡಿ, 30 ವರ್ಷದ ಆಯಿಲ್ ಜಿಡ್ಡು ಇರುತ್ತದೆ. ಜಿಡ್ಡಿನ ಮೇಲೆ ಉಜ್ಜಿದರೆ ಜಿಡ್ಡು ತಗಡಿನ ಗೀರಿನೊಳಗೆ ಹೋಗಿ ಕೂರುತ್ತದೆ, ಆಮೇಲೆ ಯಾವ ಬಣ್ಣವೂ ಹಿಡಿಯಲ್ಲ.

ಇಡೀ ಗಾಡಿ ತಗಡು ಕಾಣುವವರೆಗೆ ಕೆರೆಯಬೇಕಿಲ್ಲ. ಕಂಪನಿ ಪೇಂಟ್ ಗಟ್ಟಿ ಇರುವ ಕಡೆ 320 ನಂಬರ್ ವಾಟರ್ ಪೇಪರಲ್ಲಿ (ನೀರು ಹಾಕಿ ಉಜ್ಜುವ ಮರಳು ಕಾಗದ, ನಂಬರ್ ಜಾಸ್ತಿಯಾದಷ್ಟು ನಯ) ಹೊಳಪು ಹೋಗುವಷ್ಟು ಉಜ್ಜಿದರೆ ಸಾಕು. ಹೊಪ್ಪಳೆ ಇರುವ ಕಡೆ ಮಾತ್ರ ವೈರ್ ಬ್ರಷ್, 80 ಪೇಪರ್, ಬೆಳ್ಳಗೆ ತಗಡು ಬರುವ ತನಕ. ಅವತ್ತೇ ಪ್ರೈಮರ್, ಅಂದ್ರೆ ಬಣ್ಣಕ್ಕೂ ಮುಂಚೆ ಹಚ್ಚುವ ಅಡಿ ಕೋಟು, ಹೊಡೆದುಬಿಡಿ, ರಾತ್ರಿ ಬಿಟ್ಟರೆ ಬೆಳಗ್ಗೆ ಮತ್ತೆ ಕೆಂಪು. ತೂತಿಗೆ ಪುಟ್ಟಿ ತುಂಬಬೇಡಿ, ಒಂದು ಮಳೆಗಾಲಕ್ಕೆ ಉದುರಿಹೋಗುತ್ತದೆ. ತಗಡಿನ ತುಂಡು ಇಟ್ಟು ವೆಲ್ಡಿಂಗ್ ಮಾಡಿಸಿ. ನಗ್ಗಿದ ಕಡೆ ಹಾರ್ಡನರ್ (ಗಟ್ಟಿ ಮಾಡುವ ಮದ್ದು) ಹಾಕುವ ಪುಟ್ಟಿ, ಅದನ್ನು ನೀರಿಲ್ಲದೆ ಉಜ್ಜಿ, ನೀರು ಹಾಕಿದರೆ ಕುಡಿದು ಒಳಗೇ ಇಟ್ಟುಕೊಳ್ಳುತ್ತದೆ.

ಸ್ಪ್ರೇ ಡಬ್ಬಿ ಬೇಡ ಅಂತೀನಿ. ಡಬ್ಬಿಯಲ್ಲಿರೋದು ಅರ್ಧ ಗ್ಯಾಸು, ಇಷ್ಟು ದೊಡ್ಡ ಮೈಗೆ ಐದಾರು ಬೇಕಾಗುತ್ತದೆ.

ಕೋಟೆಊರಿನವ

ಚಿತ್ರದುರ್ಗದಿಂದ. ನಾನು ಮಾಡಿದ ತಪ್ಪು ಹೇಳ್ತೀನಿ ಕೇಳಿ, ನಗಬೇಡಿ. ನನ್ನ ಲೂನಾಗೆ ಮೊದಲು ಎನಾಮೆಲ್ ಬಳಿದೆ, ಸರಿ ಕಾಣಲಿಲ್ಲ ಅಂತ ವಾರ ಬಿಟ್ಟು ಅದರ ಮೇಲೇ ಎನ್‌ಸಿ ಪೇಂಟ್ (ನೈಟ್ರೋಸೆಲ್ಯುಲೋಸ್, ಬೇಗ ಒಣಗುವ ಬಣ್ಣ) ಸ್ಪ್ರೇ ಮಾಡಿದೆ. ಹತ್ತು ನಿಮಿಷದಲ್ಲಿ ಕಾದ ಹಾಲಿನ ಕೆನೆ ಥರ ಸುಕ್ಕುಗಟ್ಟಿತು. ಎನ್‌ಸಿ ಥಿನ್ನರ್‌ಗೆ ಕೆಳಗಿನ ಎನಾಮೆಲ್ ಕಿತ್ತು ಬರುತ್ತದೆ. ಎಲ್ಲ ಕೆರೆದು ಮೊದಲಿಂದ ಶುರು ಮಾಡಿದೆ. ಅದಕ್ಕೇ ಒಂದು ಜಾತಿ ಬಣ್ಣ ಹಿಡಿದರೆ ಕೊನೆವರೆಗೂ ಅದನ್ನೇ ಹಿಡಿಯಿರಿ. ಗಾಡಿಗೆ ಹಿಂದೆ ಯಾರಾದರೂ ಬಣ್ಣ ಹೊಡೆದಿದ್ದಾರಾ ಅಂತ ನೋಡೋಕೆ ಬಟ್ಟೆಗೆ ಥಿನ್ನರ್ ಹಾಕಿ ಮೂಲೆಯಲ್ಲಿ ತಿಕ್ಕಿ. ಬಣ್ಣ ಬಟ್ಟೆಗೆ ಹತ್ತಿದರೆ ಅದು ಕಂಪನಿ ಪೇಂಟ್ ಅಲ್ಲ.

ಎರಡನೇ ಸಲ ಫೋಮ್ ರೋಲರ್‌ನಲ್ಲಿ ಎನಾಮೆಲ್ ಹೊಡೆದೆ. ಟರ್ಪೆಂಟೈನ್ ಹಾಕಿ ಹಾಲಿನಷ್ಟು ತೆಳ್ಳಗೆ ಮಾಡಿ, ನಾಲ್ಕೈದು ತೆಳು ಕೋಟು. ಒಂದೊಂದಕ್ಕೂ ಒಂದು ದಿನ ಬಿಡಬೇಕು, ಎರಡು ಕೋಟಿಗೊಮ್ಮೆ 600 ಪೇಪರಲ್ಲಿ ನೀರು ಹಾಕಿ ಉಜ್ಜಬೇಕು. ಮೊದಲ ಕೋಟು ಹಚ್ಚಿದಾಗ ಗಾಡಿ ದರಿದ್ರವಾಗಿ ಕಾಣುತ್ತದೆ, ಹೆದರಬೇಡಿ. ಕೊನೆಗೆ ಮೂರು ವಾರ ಬಿಟ್ಟು ರಬ್ಬಿಂಗ್ ಕಾಂಪೌಂಡ್. ಶೋರೂಂ ಹೊಳಪು ಬರಲ್ಲ, ನಾಲ್ಕಡಿ ದೂರದಿಂದ ಚೆನ್ನಾಗಿ ಕಾಣುತ್ತದೆ.

ಗಾಳಿ ವಿಷಯ: ನಮ್ಮೂರ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ, ಆಷಾಢದಲ್ಲಿ ಇಲ್ಲಿ ಬಣ್ಣ ಹೊಡೆಯೋದೂ ಒಂದೇ, ಮರಳು ಮೆತ್ತೋದೂ ಒಂದೇ. ನಿಮ್ಮ ಬೂದಿಗೆ ಉಪಾಯ ಅಂದ್ರೆ, ಭಟ್ಟಿ ಹಚ್ಚದ ಹೊತ್ತು ನೋಡಿ, ನೆಲಕ್ಕೆ ನೀರು ಚಿಮುಕಿಸಿ, ಹಳೇ ಸೀರೆ ಕಟ್ಟಿ. ಸುತ್ತ ಪೂರ್ತಿ ಮುಚ್ಚಬೇಡಿ, ಥಿನ್ನರ್ ವಾಸನೆಗೆ ತಲೆ ತಿರುಗುತ್ತದೆ. ಹತ್ತಿರ ದೀಪ, ಬೀಡಿ ಏನೂ ಬೇಡ.

ಕೆಎ16

ಬೇರೆ ದಾರಿ ಒಂದಿದೆ. ಉಜ್ಜೋದು, ಪ್ರೈಮರ್ ನೀವು ಮಾಡಿ, ಕೊನೇ ಸ್ಪ್ರೇ ಮಾತ್ರ ಪೇಂಟರ್‌ಗೆ ಕೊಡಿ. ಪಿಯು (ಪಾಲಿಯುರೆಥೇನ್) ಪೇಂಟ್ ಆದರೆ ಖಂಡಿತ ಅವರಿಗೇ ಬಿಡಿ, ಅದರ ಹಾರ್ಡನರ್ ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆ ಮಾಸ್ಕ್ ಏನೂ ತಡೆಯಲ್ಲ. ಪಂಕ್ಚರ್ ಅಂಗಡಿ ಕಂಪ್ರೆಸರ್ ತಂದು ನೀವೇ ಹೊಡೆಯೋ ಐಡಿಯಾ ಇದ್ದರೆ, ಅದರ ಟ್ಯಾಂಕಲ್ಲಿರುವ ನೀರು ಮೊದಲು ಹೊರಗೆ ಬಿಡಿ, ಇಲ್ಲಾಂದ್ರೆ ಬಣ್ಣದ ಜೊತೆ ಹನಿನೂ ಬರುತ್ತದೆ.

ಮಿಲಿಟರಿ ಹಸಿರು ಮರೆತುಬಿಡಿ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆಲಿವ್ ಗ್ರೀನ್ ರಕ್ಷಣಾ ಇಲಾಖೆ ಗಾಡಿಗೆ ಮಾತ್ರ. ಆರ್‌ಸಿಯಲ್ಲೂ ಬಣ್ಣ ಬರೆದಿರುತ್ತದೆ, ಬದಲಾಯಿಸಿದರೆ ಆರ್‌ಟಿಓದಲ್ಲಿ ತಿದ್ದಿಸಬೇಕು. 1996ರ ಗಾಡಿ ಅಂದ್ರೆ 15 ವರ್ಷ ಯಾವಾಗಲೋ ಮುಗೀತು, ಐದೈದು ವರ್ಷಕ್ಕೆ ರಿನ್ಯೂ ಮಾಡಿಸ್ತಿದ್ದೀರಿ ತಾನೇ?

ಹಳೇಡಿಕ್ಕಿ, ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. ಆರ್‌ಸಿ 2026ರವರೆಗೆ ಇತ್ತು, ಈಗ ನೋಡಬೇಕು, ಒಳ್ಳೇದಾಯ್ತು ನೆನಪಿಸಿದ್ದು. ಹಸಿರು ಬೇಡ, ಅಪ್ಪನಿಗೂ ಹಳೇ ನೀಲಿನೇ ಬೇಕಂತೆ. ರೋಲರ್ ಅಂತ ತೀರ್ಮಾನ ಮಾಡಿದೆ. ಇವತ್ತು ಬೀಡಿಂಗ್ ಬಿಚ್ಚಿ ನೋಡಿದೆ, ತೂತು ಎರಡಲ್ಲ ಐದು. ನಾಳೆ ಹಾಗೇ ತಳ್ಳಿಕೊಂಡು ವೆಲ್ಡಿಂಗ್ ಅಂಗಡಿಗೆ ಹೋಗ್ತೀನಿ.

ತಗಡುಕೆಲಸ

ಹಾಗೇ ತಳ್ಳಿಕೊಂಡು ಹೋಗಬೇಡಿ ಅಣ್ಣ! ಸೀಟಿನ ಕೆಳಗಿನ ಪೆಟ್ರೋಲ್ ಟ್ಯಾಂಕ್ ಬಿಚ್ಚಿ ಮನೆಯಲ್ಲಿಟ್ಟು ಹೋಗಿ, ವೆಲ್ಡಿಂಗ್ ಕಿಡಿಗೆ ಹೊತ್ತಿಕೊಂಡೀತು.