ಸಹಾಯ ಬೇಕು: ರಾತ್ರಿ ಕರೆಗೆ ಸಿಡುಕುವ ಡಾಕ್ಟರು, ಕರೆ ಮಾಡಲು ಹೆದರುವ ನರ್ಸ್

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಮೆಡಿಸಿನ್ ವಾರ್ಡಿನಲ್ಲಿ ನಾನು ನರ್ಸಿಂಗ್ ಮೇಲ್ವಿಚಾರಕಿ. ರಾತ್ರಿ ಪಾಳಿಯ ಹೊಸ ಹುಡುಗಿಯರು ಡಾಕ್ಟರಿಗೆ ಫೋನ್ ಮಾಡಲು ಹೆದರುತ್ತಾರೆ. ರೋಗಿಯ ಬಿಪಿ ಇಳಿಯುತ್ತಿದ್ದರೂ "ಇನ್ನೊಮ್ಮೆ ನೋಡಿ ಕರೆಯೋಣ ಸಿಸ್ಟರ್" ಎನ್ನುತ್ತಾರೆ. ಹಿಂದಿನ ಸಲ ಬೈಸಿಕೊಂಡ ನೆನಪು ಹೋಗಿಲ್ಲ. ಡಾಕ್ಟರುಗಳ ದೂರೂ ಸುಳ್ಳಲ್ಲ. ಕರೆ ಮಾಡಿದವರ ಕೈಯಲ್ಲಿ ಚಾರ್ಟ್ ಇರುವುದಿಲ್ಲ, ಶುಗರ್ ಎಷ್ಟೆಂದು ಕೇಳಿದರೆ "ನೋಡಿ ಹೇಳುತ್ತೇನೆ ಸರ್". ಸಾಲದ್ದಕ್ಕೆ ಒಬ್ಬರದು ಮಲಯಾಳ, ಇನ್ನೊಬ್ಬರದು ತುಳು, ಡಾಕ್ಟರದು ಹಿಂದಿ. ನಡುವೆ ಅರೆಬರೆ ಇಂಗ್ಲಿಷ್.

ಎಸ್‌ಬಿಎಆರ್ (ಸಿಚುಯೇಶನ್, ಬ್ಯಾಕ್‌ಗ್ರೌಂಡ್, ಅಸೆಸ್‌ಮೆಂಟ್, ರೆಕಮೆಂಡೇಶನ್) ಎಂಬ, ರೋಗಿಯ ಸ್ಥಿತಿಯನ್ನು ಡಾಕ್ಟರಿಗೆ ತಿಳಿಸುವ ಕ್ರಮವನ್ನು ಕಲಿಸಿದ್ದೇವೆ: ಈಗ ಏನಾಗಿದೆ, ಹಿನ್ನೆಲೆಯೇನು, ನರ್ಸಿನ ಅಂದಾಜೇನು, ಡಾಕ್ಟರಿಂದ ಏನು ಬೇಕು. (ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದ ಪದ್ಧತಿಯಿದು.) ತಕರಾರು ಇರುವುದು ಮೂರನೆಯದರಲ್ಲಿ. "ಅಂದಾಜು ಮಾಡಲು ನೀನು ಯಾರು?" ಎಂದು ಒಬ್ಬ ಡಾಕ್ಟರು ಕೇಳಿಯೇಬಿಟ್ಟರು. ತರಬೇತಿಗೆ ನರ್ಸುಗಳನ್ನು ಮಾತ್ರ ಕೂರಿಸಿದರೆ ಹೀಗೇ ಆಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮಂಗಳೂರು, ಉಡುಪಿ, ಮಣಿಪಾಲದ ಕಡೆ ಕೆಲಸ ಮಾಡುವವರು ದಯವಿಟ್ಟು ತಿಳಿಸಿ. ಡಾಕ್ಟರುಗಳನ್ನು ಇಂತಹ ತರಬೇತಿಗೆ ಕರೆತರಲು ನಿಮ್ಮಲ್ಲಿ ಏನು ಮಾಡಿದಿರಿ? ಬೆಳಗಿನ ರೌಂಡ್ಸಿನಲ್ಲಿ ಆಯಾ ರೋಗಿಯ ನರ್ಸೂ ಜೊತೆಗಿರಬೇಕೆಂಬ ನಿಯಮ ನಡೆಯುತ್ತಿದೆಯೇ, ಅಥವಾ ಔಷಧ ಕೊಡುವ ಹೊತ್ತಿಗೆ ಅಡ್ಡಬರುತ್ತದೆಯೇ? ಫೋನಿನಲ್ಲಿ ಹೇಳಿದ ಡೋಸನ್ನು ನರ್ಸ್ ಬರೆದುಕೊಂಡು ತಿರುಗಿ ಓದಿ ಹೇಳುವುದನ್ನು ಕೇಳುವುದಕ್ಕೂ ಕೆಲವು ಡಾಕ್ಟರುಗಳಿಗೆ ತಾಳ್ಮೆಯಿಲ್ಲ. ಅವರು ಹಿರಿಯ ಕನ್ಸಲ್ಟೆಂಟ್ ಆದರೆ ಮಾತನಾಡಬೇಕಾದವರು ಯಾರು? ಫೋನಿನ ಪಕ್ಕ ಅಂಟಿಸುವಂತಹ ಒಂದು ಪುಟದ ನಮೂನೆ ಇದ್ದರೆ, ರೋಗಿಯ ವಿವರ ಅಳಿಸಿ ಇಲ್ಲಿ ಹಾಕಿ.