ಪದಚರ್ಚೆ: ತಟ್ಟಿಯೋ ಠಸ್ಸೆಯೋ? ‘ಮರುಬಳಕೆ’ಗೆ ಬದಲಿ ಪದ ಬೇಕು

ಪದ ಬಲ್ಲ ಎಲ್ಲರಿಗೂ ನಮಸ್ಕಾರ.

ಹದಿನೈದು ದಿನಗಳಿಂದ ಒಂದು ಪದಕ್ಕಾಗಿ ತಡಕಾಡುತ್ತಿದ್ದೇನೆ. ಪದ ಸಿಕ್ಕಿಲ್ಲ, ಸಿಕ್ಕವು ಯಾಕೆ ಒಗ್ಗುವುದಿಲ್ಲ ಎಂಬುದಕ್ಕೆ ಕಾರಣಗಳು ಮಾತ್ರ ಒಂದೊಂದಾಗಿ ಸಿಗುತ್ತಿವೆ.

ಶಿವಮೊಗ್ಗದ ಒಂದು ಅಡಕೆ ಮಂಡಿಗೆ ನಾವು ಮೂವರು ಸೇರಿ ತಂತ್ರಾಂಶ ಬರೆದುಕೊಟ್ಟಿದ್ದೇವೆ. ಬ್ರೌಸರಿನಲ್ಲಿ ತೆರೆಯುವಂಥದ್ದಲ್ಲ, ಮಂಡಿಯ ಕಂಪ್ಯೂಟರಿನಲ್ಲೇ ಕುಳಿತು ಕೆಲಸ ಮಾಡುವ ಹಳೆಯ ಬಗೆಯದು. ಮೈಕ್ರೋಸಾಫ್ಟ್ 2006ರಲ್ಲಿ ಡಾಟ್‌ನೆಟ್ 3.0 ಜೊತೆಗೆ ಹೊರತಂದ, ಪರದೆಯ ಮೇಲೆ ಕಾಣುವುದನ್ನೆಲ್ಲ ಕಟ್ಟುವ ಪರಿಕರವಾದ ಡಬ್ಲ್ಯುಪಿಎಫ್ ಬಳಸಿ ಕಟ್ಟಿದ್ದು. ಗುಮಾಸ್ತರ ಕಣ್ಣಿಗೆ ಬೀಳುವುದೆಲ್ಲ ಮೊದಲಿನಿಂದಲೂ ಕನ್ನಡದಲ್ಲಿದೆ. ಈಗ ಸಾಗರದ ಹುಡುಗಿಯೊಬ್ಬಳು ನಮ್ಮ ಜೊತೆ ಸೇರಿದ್ದಾಳೆ. ಅವಳಿಗೂ ಮುಂದೆ ಬರುವವರಿಗೂ ಇರಲಿ ಎಂದು ಒಳಗಿನ ಕಟ್ಟೋಣದ ಬಗ್ಗೆ ಕನ್ನಡದಲ್ಲೇ ಕೈಪಿಡಿ ಬರೆಯಲು ಕುಳಿತೆ. ನಾಲ್ಕನೆಯ ಪುಟದಲ್ಲಿ ಗಾಡಿ ನಿಂತಿತು.

ವಿಷಯ ಇದು. ತಂತ್ರಾಂಶದಲ್ಲಿ ಏಳು ಕಿಟಕಿಗಳಿವೆ (ವಿಂಡೋಗಳು): ಆವಕ, ತೂಕ, ಟೆಂಡರ್, ಪಟ್ಟಿ, ಮುಂಗಡ, ಖಾತೆ, ಪಾವತಿ. ಏಳರ ನೆತ್ತಿಯಲ್ಲೂ ಒಂದೇ ಅಡ್ಡಸಾಲು: ರೈತರ ಹೆಸರು, ಊರು, ತಾಲ್ಲೂಕು, ಖಾತೆ ಸಂಖ್ಯೆ, ಮೊಬೈಲ್. ಮೊದಲ ವರ್ಷ ಈ ಸಾಲನ್ನು ಒಂದು ಕಿಟಕಿಯಲ್ಲಿ ಮಾಡಿ ಉಳಿದ ಆರಕ್ಕೆ ನಕಲು ಹೊಡೆದಿದ್ದೆವು. ಆಗ ಅದರಲ್ಲಿ ಮೊಬೈಲ್ ಸಂಖ್ಯೆಗೆ ಜಾಗವಿರಲಿಲ್ಲ. ಮಂಡಿಯವರು ಕೇಳಿದರು, ಸೇರಿಸಿದೆವು. ಆರು ಕಿಟಕಿಗೆ ಸೇರಿಸಿ ಮುಂಗಡದ ಕಿಟಕಿಯನ್ನು ಮರೆತೆವು. ಎರಡು ತಿಂಗಳು ಗುಮಾಸ್ತರು ಯಾರಿಗೂ ದೂರದೆ ಆ ಸಂಖ್ಯೆಯನ್ನು ‘ಷರಾ’ ಎಂಬಲ್ಲಿ ತುಂಬಿಕೊಂಡು ಕೆಲಸ ನಡೆಸಿದ್ದರು. ಗೊತ್ತಾದ ಮೇಲೆ ನಾಚಿಕೆಯಾಯಿತು. ಆ ಸಾಲನ್ನು ಬಿಡಿಸಿ ಒಂದೇ ಕಡೆ ಬರೆದಿಟ್ಟು, ಏಳು ಕಿಟಕಿಗಳಲ್ಲೂ ‘ಅದನ್ನು ಇಲ್ಲಿ ತಂದು ನಿಲ್ಲಿಸು’ ಎಂದು ಒಂದೊಂದು ಸೂಚನೆ ಕೊಟ್ಟೆವು. ಈಗ ಒಂದು ಕಡೆ ತಿದ್ದಿದರೆ ಏಳೂ ಕಡೆ ತಿದ್ದಿದಂತೆ.

ಹೀಗೆ ಬಿಡಿಸಿಟ್ಟ ಸಾಲಿಗೆ ಏನೆನ್ನಬೇಕು? ಅದನ್ನು ಏಳು ಕಡೆ ನಿಲ್ಲಿಸುವುದಕ್ಕೆ ಏನೆನ್ನಬೇಕು? ಇವೆರಡೇ ನನ್ನ ಪ್ರಶ್ನೆ.

ಸಿದ್ಧ ಉತ್ತರ ‘ಮರುಬಳಕೆ ಮಾಡಬಹುದಾದ ವಿನ್ಯಾಸ ಘಟಕ’. ನಾನೂ ಅದನ್ನೇ ಬರೆದಿದ್ದೆ. ಸಾಗರದ ಹುಡುಗಿ ಓದಿ, “ಮರುಬಳಕೆ ಎಂದರೆ ಮೊದಲಿನ ಕಿಟಕಿಯಿಂದ ಅದನ್ನು ಕಿತ್ತು ತರಬೇಕೇ ಸರ್?” ಎಂದು ಕೇಳಿದಳು. ಅವಳ ತಪ್ಪಿಲ್ಲ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಜಗಲಿಗೆ ಎರಚಲು ಹೊಡೆಯದಂತೆ ಸೋಗೆಯ (ಅಡಕೆ ಗರಿಯ) ತಟ್ಟಿ ಕಟ್ಟುತ್ತಾರೆ. ಮಳೆ ಕಳೆದ ಮೇಲೆ ಬಿಚ್ಚಿ, ಗಟ್ಟಿಮುಟ್ಟಾಗಿ ಉಳಿದದ್ದನ್ನು ಕೊಟ್ಟಿಗೆಯ ಮರೆಗೋ ಸೌದೆಯ ಮೇಲಕ್ಕೋ ಹಾಕುತ್ತಾರೆ. ಅದು ಮರುಬಳಕೆ, ಒಂದು ಕಡೆಯ ಕೆಲಸ ಮುಗಿಸಿ ಇನ್ನೊಂದು ಕಡೆಗೆ ಹೋಗುವುದು. ಮರುಮುದ್ರಣ, ಮರುಎಣಿಕೆ, ಮರುಮದುವೆ, ಎಲ್ಲದರಲ್ಲೂ ಈ ಹಿಂದುಮುಂದು ಇದೆ. ನನ್ನ ತಟ್ಟಿ ಏಕಕಾಲಕ್ಕೆ ಏಳು ಮನೆಗಳ ಜಗಲಿಯಲ್ಲಿ ನಿಂತಿರಬೇಕು, ಒಂದಕ್ಕೆ ತೇಪೆ ಹಾಕಿದರೆ ಏಳಕ್ಕೂ ತೇಪೆ ಬೀಳಬೇಕು. ‘ಹಲಬಳಕೆ’ ಎಂದು ಒಂದು ರಾತ್ರಿ ಬರೆದು ಖುಷಿಪಟ್ಟೆ. ಬೆಳಿಗ್ಗೆ ಓದಿದರೆ ಯಾರೋ ಹಲಬುತ್ತಿರುವಂತೆ ಕೇಳಿಸಿತು, ಅಳಿಸಿದೆ.

‘ವಿನ್ಯಾಸ’ದ ತೊಡಕು ಬೇರೆ. ಬಣ್ಣ, ಚಿತ್ರ, ಅಕ್ಷರದ ಚೆಲುವು ಎಲ್ಲವೂ ಅದರೊಳಗೆ ಬರುತ್ತವೆ. ನನಗೆ ಬೇಕಾದದ್ದು ಯಾವುದು ಎಲ್ಲಿ ಕೂರಬೇಕು ಎಂಬುದಷ್ಟೇ. ‘ಲೇಔಟ್’ ಎಂದೇ ಇಟ್ಟುಬಿಡೋಣವೆಂದರೆ ಶಿವಮೊಗ್ಗದಲ್ಲಿ ಆ ಮಾತು ಕಿವಿಗೆ ಬಿದ್ದವರು ನಿವೇಶನದ ಬೆಲೆ ಕೇಳುತ್ತಾರೆ. ಯಂತ್ರಾನುವಾದಕ್ಕೆ ಕೊಟ್ಟು ನೋಡಿದೆ, ‘ಬಡಾವಣೆ’ ಎಂದೇ ಬಂತು. ಕಿಟಕಿಯೊಳಗೆ ಗೋಪಾಲಗೌಡ ಬಡಾವಣೆ ಎದ್ದು ನಿಂತ ಹಾಗಾಯಿತು. ನಾನು ‘ಓರಣ’ ಎಂದು ಬರೆಯುತ್ತಿದ್ದೇನೆ. ಮೇಲಿನಿಂದ ಕೆಳಕ್ಕೆ ಪೇರಿಸುವುದು ಉದ್ದ ಓರಣ, ಎಡದಿಂದ ಬಲಕ್ಕೆ ಅಡ್ಡ ಓರಣ, ಮನೆಮನೆಯಾಗಿ ಹಂಚುವುದು ಚೌಕುಳಿ ಓರಣ. ‘ಒಪ್ಪ ಓರಣ’ ಎಂಬ ಜೋಡುಮಾತು ಎಲ್ಲರಿಗೂ ಗೊತ್ತಿರುವುದರಿಂದ ಅರ್ಥ ವಿವರಿಸಬೇಕಾಗಿ ಬರಲಿಲ್ಲ. ತಕರಾರಿದ್ದರೆ ಹೇಳಿ, ಆದರೆ ಇದನ್ನು ಸುಲಭಕ್ಕೆ ಬಿಟ್ಟುಕೊಡುವವನಲ್ಲ.

ಪರಿಕರ ತಯಾರಿಸಿದವರು ಇಟ್ಟ ಹೆಸರುಗಳಿಂದ ನನಗೆ ಉಪಕಾರವಾಗಲಿಲ್ಲ. ಡಬ್ಲ್ಯುಪಿಎಫ್‌ನಲ್ಲಿ ಇದಕ್ಕೆ ‘ಯೂಸರ್ ಕಂಟ್ರೋಲ್’ ಎನ್ನುತ್ತಾರೆ. ಪದಶಃ ಕನ್ನಡಕ್ಕೆ ತಂದರೆ ‘ಬಳಕೆದಾರರ ನಿಯಂತ್ರಣ’. ಮಂಡಿಯ ಬಾಗಿಲಲ್ಲಿ ಲಾಠಿ ಹಿಡಿದು ನಿಂತವರ ಚಿತ್ರ ಕಣ್ಣಿಗೆ ಬರುತ್ತದೆ. 1999ರಲ್ಲಿ ಬಂದ ಡೆಲ್ಫಿ 5 ಎಂಬ ಇನ್ನೊಂದು ಪರಿಕರದಲ್ಲಿ ಇಂಥದ್ದನ್ನೇ ‘ಫ್ರೇಮ್’ ಎಂದು ಕರೆದರು. ‘ಚೌಕಟ್ಟು’ ಎಂದರೆ ನಮಗೆ ಅಂಚಿನ ನಾಲ್ಕು ಪಟ್ಟಿ, ಒಳಗೆಲ್ಲ ಬಯಲು. ಕ್ಯೂಟಿ ಡಿಸೈನರ್ ಎಂಬ ಮತ್ತೊಂದು ಪರಿಕರದಲ್ಲಿ ಖಾಲಿ ತುಣುಕೊಂದನ್ನು ಇಟ್ಟು, ‘ಇದನ್ನು ನಮ್ಮ ತುಣುಕೆಂದು ಭಾವಿಸು’ ಎಂದು ಹೇಳುವುದಕ್ಕೆ ‘ಪ್ರಮೋಟ್’ ಎನ್ನುತ್ತಾರೆ. ಅದಕ್ಕೆ ‘ಬಡ್ತಿ’ ಎಂದರೆ ಸರ್ಕಾರಿ ನೌಕರರಿಗೆ ಹೊಟ್ಟೆಯುರಿದೀತು.

ಇನ್ನು ನಮ್ಮಲ್ಲೇ ಇರುವ ಪದಗಳು.

‘ಪಟ್ಟಿ’ ಬಹಳ ಹತ್ತಿರ ಬಂದಿತ್ತು, ಆಕಾರವೂ ಪಟ್ಟಿಯದೇ. ಆದರೆ ಮಂಡಿಯಲ್ಲಿ ಪಟ್ಟಿ ಎಂದರೆ ಮಾಲು ಮಾರಿದ ಮೇಲೆ ರೈತರ ಕೈಗೆ ಕೊಡುವ ಲೆಕ್ಕದ ಚೀಟಿ. ‘ರೈತರ ಪಟ್ಟಿ ಹಾಳಾಗಿದೆ’ ಎಂದು ಫೋನಿನಲ್ಲಿ ಹೇಳಿದರೆ ದೊಡ್ಡ ಗಲಾಟೆಯೇ ಆದೀತು.

‘ಅಂಕಣ’ದ ಮೇಲೆ ನನಗೆ ಮೋಹವಿತ್ತು, ಈಗಲೂ ಇದೆ. ಎರಡು ಕಂಬಗಳ ನಡುವಿನ ಜಾಗ. ‘ಐದಂಕಣದ ಮನೆ’ ಎಂದರೆ ಸಾಕು, ಮನೆಯ ಅಳತೆ ತಿಳಿಯುತ್ತದೆ. ಒಂದು ಅಂಕಣದ ಅಳತೆ ನಿಂತಿತೆಂದರೆ ಉಳಿದವನ್ನು ಅದರಂತೆಯೇ ಎಬ್ಬಿಸಿಕೊಂಡು ಹೋಗುತ್ತಾರೆ, ಒಂದರಲ್ಲಿ ಪಣತ (ಕಾಳಿನ ಕಣಜ), ಒಂದರಲ್ಲಿ ದೇವರು. ಅಳತೆ ಒಂದೇ, ಒಳಗಿನದು ಬೇರೆ. ನನಗೆ ಬೇಕಾದದ್ದೂ ಅದೇ. ಆದರೆ ಪತ್ರಿಕೆಗಳು ಆ ಪದವನ್ನು ವಾರವಾರದ ಬರಹಕ್ಕೆ ಕೊಟ್ಟುಬಿಟ್ಟಿವೆ, ಕೋಷ್ಟಕದ ಕಾಲಂಗೂ ಅಂಕಣ ಎಂದೇ ಬರೆಯುತ್ತಾರೆ. ನಮ್ಮ ತೂಕದ ಕಿಟಕಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಕೆಯ ಒಂದೊಂದು ಬಗೆಗೂ ಒಂದೊಂದು ಅಂಕಣ ಆಗಲೇ ಇದೆ. ಇನ್ನೊಂದು ಅರ್ಥದ ಅಂಕಣ ತಂದರೆ ಕಾಲಿಗೆ ತೊಡರುತ್ತದೆ.

‘ಅಚ್ಚು’ ಎಂದು ಹಲವರು ಹೇಳಿಯಾರು. ಅದರಲ್ಲಿ ಎರಡು ತೊಂದರೆ ಕಂಡೆ. ಒಂದು, ಅಚ್ಚು ಎಂದರೆ ಎರೆಯುವ ಪಾತ್ರೆಯೂ ಹೌದು, ಎರೆದು ಬಂದ ಬೆಲ್ಲವೂ ಹೌದು. ‘ಎರಡು ಅಚ್ಚು ಕೊಡಿ’ ಎಂದರೆ ಅಂಗಡಿಯವರು ಬೆಲ್ಲ ಕೊಡುತ್ತಾರೆ, ಮರದ ಮಣೆ ಕೊಡುವುದಿಲ್ಲ. ಕೈಪಿಡಿಯಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿ ಹೇಳಲೇಬೇಕು: ಒಂದೇ ಕಡೆ ಬರೆದಿಟ್ಟ ಮೂಲ, ಏಳು ಕಡೆ ನಿಂತ ರೂಪ. (ಸಾಗರ, ಸೊರಬದ ಕಡೆಯವರಿಗೆ ಬೆಲ್ಲದ ಉಪಮೆ ಅಷ್ಟಾಗಿ ಹಿಡಿಸುವುದಿಲ್ಲ ಎಂಬುದೂ ಇದೆ. ಅವರದು ಗಟ್ಟಿಯಾಗದ ಜೋನಿಬೆಲ್ಲ, ಅದಕ್ಕೆ ಅಚ್ಚೇ ಬೇಡ, ಡಬ್ಬ ಸಾಕು.) ಇನ್ನೊಂದು, ಅಚ್ಚನ್ನು ಕೆತ್ತಿ ಸರಿಪಡಿಸಿದರೆ ಆಗಲೇ ಎರೆದ ಬೆಲ್ಲ ಬದಲಾಗುವುದಿಲ್ಲ. ‘ಪಡಿಯಚ್ಚು’ ಎಂದರೆ ಮತ್ತೂ ಕಷ್ಟ. ‘ಅಪ್ಪನ ಪಡಿಯಚ್ಚು’ ಎನ್ನುವಾಗ ಅದು ಪೂರ್ತಿ ನಕಲಿನ ಕಡೆಗೆ ವಾಲಿಬಿಡುತ್ತದೆ. ನಾವು ನಕಲಿನಿಂದ ಪೆಟ್ಟು ತಿಂದೇ ಇಲ್ಲಿಗೆ ಬಂದವರು.

ಮೂಲ ತಿದ್ದಿದರೆ ಎಲ್ಲ ಕಡೆ ತಿದ್ದುವ ಈ ಗುಣ ಯಾಕೆ ಅಷ್ಟು ಮುಖ್ಯ ಎಂದು ಕೇಳುವವರಿಗೆ ಒಂದು ನಿದರ್ಶನ. ಆ ಅಡ್ಡಸಾಲಿನಲ್ಲಿ ಪ್ರತಿ ಮನೆಯ ಎತ್ತರವನ್ನು ನಾವು ಒಂದು ಅಂಕಿಯಲ್ಲಿ ಬಿಗಿದಿದ್ದೆವು. ಇಂಗ್ಲಿಷ್ ಅಕ್ಷರಕ್ಕೆ ಆ ಎತ್ತರ ಸಾಕು, ಕನ್ನಡಕ್ಕೆ ಒತ್ತಕ್ಷರ ಕೆಳಗಿಳಿಯುತ್ತದೆ. ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ಸಾಗರ, ಸೊರಬ, ಹೊಸನಗರ, ಶಿಕಾರಿಪುರ ಈ ನಾಲ್ಕಕ್ಕೆ ಒತ್ತಿಲ್ಲ. ಅವು ಚೆನ್ನಾಗಿಯೇ ಕಂಡವು. ನಾವು ಪರೀಕ್ಷೆಗೆಂದು ತುಂಬಿದ್ದು ಬರೀ ಸಾಗರದ ಹೆಸರುಗಳಾದ್ದರಿಂದ ದೋಷ ಹೊರಬೀಳಲೇ ಇಲ್ಲ. ಮಂಡಿಯಲ್ಲಿ ನಡೆಸಿದ ದಿನ ಶಿವಮೊಗ್ಗ ‘ಶಿವಮೊಗ’ವಾಯಿತು, ಭದ್ರಾವತಿ ‘ಭದಾವತಿ’ಯಾಯಿತು, ತೀರ್ಥಹಳ್ಳಿ ‘ತೀರ್ಥಹಳಿ’ಯಾಯಿತು. ರೈಲೇ ಇಲ್ಲದ ಊರಿಗೆ ನೀವಾದರೂ ಹಳಿ ಹಾಕಿದಿರಲ್ಲ ಎಂದು ಅಲ್ಲಿನ ಬೆಳೆಗಾರರೊಬ್ಬರು ನಕ್ಕರು. ಮೂಲದಲ್ಲಿ ಆ ಅಂಕಿಯನ್ನು ಅಳಿಸಿ ‘ಆಟೊ’ ಎಂದು ಬರೆದೆವು. ಅಕ್ಷರಕ್ಕೆ ಬೇಕಾದಷ್ಟು ಎತ್ತರವನ್ನು ಅದೇ ತೆಗೆದುಕೊಳ್ಳುತ್ತದೆ. ಒಂದು ಪದದ ತಿದ್ದುಪಡಿ, ಏಳು ಕಿಟಕಿಗಳಲ್ಲೂ ಒತ್ತುಗಳು ಮರಳಿ ಬಂದವು. ಹಳೆಯ ನಕಲಿನ ದಾರಿಯಲ್ಲಿದ್ದಿದ್ದರೆ ಮುಂಗಡದ ಕಿಟಕಿಯಲ್ಲಿ ಹಳಿ ಇಂದಿಗೂ ಇರುತ್ತಿತ್ತು.

ಇದಾದ ಮೇಲೆ ‘ತಟ್ಟಿ’ ಎಂದೇ ಇಡೋಣ ಎಂದು ಗಟ್ಟಿ ಮಾಡಿದೆ. ಹೆಣೆದು ಸಿದ್ಧವಾಗಿಟ್ಟದ್ದು, ಎಲ್ಲಿ ಬೇಕಾದರೂ ನಿಲ್ಲಿಸಬಹುದಾದದ್ದು, ಅಡಕೆಯವರಿಗೆ ಕೈಬಳಕೆಯ ಮಾತು. ಆದರೆ ನಮ್ಮ ಮೂವರಲ್ಲಿ ಒಬ್ಬರ ಮನೆಮಾತು ಉರ್ದು. ಅವರು ಕರಡು ಓದಿ ಅರ್ಧ ಗಂಟೆ ನಕ್ಕರು. ಹಿಂದಿ, ಉರ್ದುಗಳಲ್ಲೂ ಟಟ್ಟಿ ಎಂದರೆ ಮೊದಲಿಗೆ ಬಿದಿರಿನ ಮರೆಯೇ. ಆ ಮರೆಯ ಹಿಂದೆ ಹೋಗುವ ಕೆಲಸಕ್ಕೂ ಜಾಗಕ್ಕೂ ಅದೇ ಹೆಸರು ಅಂಟಿ, ಈಗ ಹಳೆಯ ಅರ್ಥ ಯಾರಿಗೂ ನೆನಪಾಗುವುದಿಲ್ಲ. ‘ಏಳು ಕಿಟಕಿಯಲ್ಲೂ ರೈತರ ತಟ್ಟಿ’ ಎಂಬ ವಾಕ್ಯವನ್ನು ಅವರು ಈಗಲೂ ಆಗಾಗ ಹೇಳಿ ನಗುತ್ತಾರೆ.

ಕಡೆಗೆ ಒಂದು ದಾರಿ ತೋರಿಸಿದವರು ಮಂಡಿಯ ಗುಮಾಸ್ತರು. ಏಳು ಕಿಟಕಿಗಳನ್ನೂ ಒಂದೊಂದಾಗಿ ತೆರೆದು ತೋರಿಸುತ್ತಿದ್ದೆ. “ಎಲ್ಲ ಕಡೆಯೂ ಒಂದೇ ಠಸ್ಸೆ ಒತ್ತಿದ್ದೀರಲ್ಲ” ಎಂದರು. ಆಮೇಲೆ ಮೇಜಿನ ಖಾನೆಯಿಂದ ಒಂದು ರಬ್ಬರ್ ಠಸ್ಸೆ ತೆಗೆದು, ನೇರಳೆ ಶಾಯಿಯ ಪ್ಯಾಡಿಗೆ ಅದ್ದಿ, ಹಳೆಯ ಚೀಟಿಯ ಬೆನ್ನಿಗೆ ಒತ್ತಿದರು. ಕಂಪ್ಯೂಟರ್ ಬರುವುದಕ್ಕೆ ಮುಂಚೆ ಲೆಕ್ಕದ ಪುಸ್ತಕದ ಪ್ರತಿ ಪುಟದ ತಲೆಗೂ ಅದನ್ನು ಒತ್ತುತ್ತಿದ್ದರಂತೆ. ಹೆಸರು, ಮುಂದೆ ಚುಕ್ಕಿಗಳು, ಊರು, ಚುಕ್ಕಿಗಳು, ತಾಲ್ಲೂಕು, ಚುಕ್ಕಿಗಳು, ಖಾತೆ ನಂಬರು. ನಮ್ಮ ಅಡ್ಡಸಾಲೇ ಅದು, ಮೊಬೈಲ್ ಒಂದು ಬಿಟ್ಟು. ತಳದ ರಬ್ಬರ್ ಸವೆದು ‘ತಾಲ್ಲೂಕು’ ‘ತಾಲೂಕು’ ಆಗಿತ್ತು. ಎರಡು ಬಗೆಯ ಬರಹವೂ ರೂಢಿಯಲ್ಲಿರುವುದರಿಂದ ಇಷ್ಟು ವರ್ಷ ಯಾರೂ ಅದನ್ನು ದೋಷವೆಂದು ಗುರುತಿಸಿರಲಿಲ್ಲ.

ಠಸ್ಸೆ ನನಗೆ ಹಿಡಿಸಿದೆ. ಮೂಲ ಒಂದೇ, ಒತ್ತುವುದು ಎಷ್ಟು ಕಡೆಯಾದರೂ, ಚುಕ್ಕಿಯ ಮೇಲೆ ಬರೆಯುವುದು ಪ್ರತಿ ಸಲವೂ ಬೇರೆ. ಠಸ್ಸೆ ಬದಲಿಸಿದರೆ ಹಳೆಯ ಗುರುತು ಬದಲಾಗದು ಎಂಬ ಅಚ್ಚಿನ ದೋಷ ಇದಕ್ಕೂ ಇದೆ, ನಿಜ. ಆದರೆ ನಮ್ಮ ತಂತ್ರಾಂಶವೂ ಮತ್ತೆ ಕಟ್ಟಿ ಮಂಡಿಯ ಕಂಪ್ಯೂಟರಿಗೆ ಹಾಕುವ ತನಕ ಹಳೆಯ ಸಾಲನ್ನೇ ತೋರಿಸುತ್ತದೆಯಲ್ಲವೇ? ಮತ್ತೆ ಕಟ್ಟಿದಾಗ ಏಳು ಪುಟಗಳಿಗೂ ಹೊಸ ಠಸ್ಸೆ ಬಿತ್ತು ಎಂದುಕೊಂಡರೆ ಹೋಲಿಕೆ ನಿಲ್ಲುತ್ತದೆ. ಮರಾಠಿಯ ‘ಠಸಾ’ದ ನಂಟಿನ ಪದವಾದರೂ ನಮ್ಮ ಕಚೇರಿಗಳಲ್ಲಿ ಬೇರು ಬಿಟ್ಟಿದೆ, ಹೊರಗಿನದೆಂದು ತಳ್ಳುವ ಅಗತ್ಯ ಕಾಣೆ.

ನಿಮ್ಮನ್ನು ಕೇಳಬೇಕಾದದ್ದು ಇಷ್ಟು. ಒತ್ತುವ ವಸ್ತುವಿಗೂ ಕಾಗದದ ಮೇಲೆ ಮೂಡಿದ ಗುರುತಿಗೂ ನಮ್ಮಲ್ಲಿ ‘ಠಸ್ಸೆ’ ಎಂಬ ಒಂದೇ ಹೆಸರಿದೆ. ನಿಮ್ಮ ಊರಿನಲ್ಲಿ ಇವೆರಡಕ್ಕೆ ಬೇರೆ ಬೇರೆ ಮಾತಿದೆಯೇ? ನೇಕಾರರಲ್ಲಿ, ಬಟ್ಟೆಗೆ ಬಣ್ಣದ ಅಚ್ಚೊತ್ತುವವರಲ್ಲಿ, ಹಳೆಯ ಮುದ್ರಣಾಲಯಗಳಲ್ಲಿ ಮೊಳೆ ಜೋಡಿಸುತ್ತಿದ್ದವರಲ್ಲಿ ಇಂಥ ಭೇದ ಇದ್ದೇ ಇರಬೇಕು ಎಂದು ನನ್ನ ಊಹೆ. ಇನ್ನೊಂದು, ‘ಠಸ್ಸೆ ಒತ್ತುವುದು’ ಎಂದರೆ ಯೋಚಿಸದೆ ಒಪ್ಪಿಗೆ ಕೊಡುವುದು ಎಂಬ ಅರ್ಥವೂ ಕೆಲವೆಡೆ ಇದೆ. ಅದು ನಿಮ್ಮ ಕಿವಿಗೆ ಎಷ್ಟು ಜೋರಾಗಿ ಕೇಳುತ್ತದೆ? ‘ಮೊಹರು’ ಎಂದು ಸಲಹೆ ಮಾಡುವವರಿಗೆ ಈಗಲೇ ಹೇಳಿಬಿಡುತ್ತೇನೆ, ಅದರಲ್ಲಿ ಅಧಿಕಾರದ ವಾಸನೆ ಜಾಸ್ತಿ, ಖಾಲಿ ಚುಕ್ಕಿಗಳಿಗೆ ಜಾಗವಿಲ್ಲ.

ಸ್ವಲ್ಪ ಬೇಗ ಬರೆದರೆ ಉಪಕಾರ. ನಾವು ಬಳಸುವ ಸಿ ಶಾರ್ಪ್ ಭಾಷೆಯಲ್ಲಿ ತುಣುಕುಗಳ ಹೆಸರನ್ನು ಕನ್ನಡ ಲಿಪಿಯಲ್ಲೇ ಇಡಬಹುದು, ಆದ್ದರಿಂದ ಇಲ್ಲಿ ತೀರ್ಮಾನವಾಗುವ ಪದ ನೇರವಾಗಿ ತಂತ್ರಾಂಶದೊಳಗೆ ಹೋಗುತ್ತದೆ. ಕೈಪಿಡಿಯಲ್ಲಿ ನಾನು ‘ರೈತಠಸ್ಸೆ’ ಎಂದು ಬರೆದಿದ್ದೇನೆ, ಕಡತದಲ್ಲಿ ಸಾಗರದ ಹುಡುಗಿ ‘ರೈತತಟ್ಟಿ’ ಎಂದು ಹೆಸರಿಟ್ಟಿದ್ದಾಳೆ. ಉರ್ದು ಮನೆಮಾತಿನವರು ಇನ್ನೂ ಆ ಕಡತ ತೆರೆದಿಲ್ಲ.